ಸ್ಕರ್ಟಿಂಗ್ ನೆತ್ತಿಗೆ ಯಾವ ಪಟ್ಟಿ? ಮೂರು ಮನೆಗೆ ಹಾಕಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ

ನೆಲ ಒರೆಸುವವರಿಗಷ್ಟೇ ಗೊತ್ತಿರುವ ಒಂದು ಜಾಗ ಪ್ರತಿ ಮನೆಯಲ್ಲೂ ಇರುತ್ತದೆ. ಗೋಡೆ ಬುಡದಲ್ಲಿ ನಾಲ್ಕಿಂಚಿನ ಟೈಲ್ಸ್ ಸ್ಕರ್ಟಿಂಗ್ ಇದೆಯಲ್ಲ, ಅದರ ನೆತ್ತಿ. ಅಲ್ಲಿ ಒಮ್ಮೆ ಬೆರಳಿಟ್ಟು ಎಳೆಯಿರಿ. ಧೂಳು, ತಲೆಕೂದಲು, ಪೇಂಟರ್ ಬೀಳಿಸಿಹೋದ ಬಣ್ಣದ ಹನಿ, ಮಳೆಹುಳದ ರೆಕ್ಕೆ, ಎಲ್ಲ ಅಲ್ಲೇ. ಮಾಪು ಅಲ್ಲಿಗೆ ಏರುವುದಿಲ್ಲ. ಪೊರಕೆ ಏರಿದರೂ ಧೂಳನ್ನು ಗೋಡೆ ಸಂದಿಗೆ ತುರುಕುತ್ತದೆ ಅಷ್ಟೆ. ನಾನು ನಾಲ್ಕು ವರ್ಷ ಹಳೇ ಟೂತ್‌ಬ್ರಷ್ ಹಿಡಿದು ಕುಕ್ಕರಗಾಲಲ್ಲಿ ಕೂತು ಅದನ್ನು ತಿಕ್ಕಿದೆ. ಆಮೇಲೆ ಸಾಕಾಯಿತು.

ಈ ಅಂಚು ಹುಟ್ಟುವುದು ಹೀಗೆ. ಟೈಲ್ಸ್ 8ರಿಂದ 10 ಮಿಲಿಮೀಟರ್ ದಪ್ಪ. ಅದರ ಹಿಂದೆ ಸಿಮೆಂಟೋ ಅಂಟೋ ಇನ್ನೊಂದು 6ರಿಂದ 10 ಮಿಲಿಮೀಟರ್. ಎರಡೂ ಸೇರಿ ಗೋಡೆಯಿಂದ ಅರ್ಧದಿಂದ ಮುಕ್ಕಾಲು ಇಂಚು ಮುಂದೆ ಬರುತ್ತದೆ. ಸಾಲದ್ದಕ್ಕೆ ನೆಲದ ಟೈಲನ್ನೇ ಕಟರ್‌ನಲ್ಲಿ ಸೀಳಿ ಸ್ಕರ್ಟಿಂಗ್ ಮಾಡುವುದರಿಂದ, ಸೀಳಿದ ಅಂಚು ಮೇಲ್ಗಡೆ ಬಂದರೆ ಟೈಲಿನ ಒಳಮೈ ಕಾಣುತ್ತದೆ, ಹೊಳಪಿಲ್ಲ, ಒರಟು, ಅಲ್ಲಲ್ಲಿ ಚಕ್ಕೆ ಎದ್ದಿರುತ್ತದೆ. ಮೇಸ್ತ್ರಿ ಅದಕ್ಕೆ ಒಂದಿಷ್ಟು ವೈಟ್ ಸಿಮೆಂಟ್ ಸವರಿ ಹೋಗುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ.

ಇದನ್ನು ಮುಚ್ಚುವುದಕ್ಕೆ ಮೇಲೊಂದು ಅಲಂಕಾರದ ಪಟ್ಟಿ ಕೂರಿಸುತ್ತಾರೆ. ಅಂಗಡಿಯಲ್ಲಿ ಇದಕ್ಕೆ ಒಂದೇ ಹೆಸರಿಲ್ಲ. ಸ್ಕರ್ಟಿಂಗ್ ಕ್ಯಾಪ್ ಅಂದರೆ ಒಬ್ಬರು ಮರದ ಬೀಡಿಂಗ್ ತೋರಿಸುತ್ತಾರೆ, ಇನ್ನೊಬ್ಬರು ಎಲ್ ಪಟ್ಟಿ ತೆಗೆಯುತ್ತಾರೆ, ಮತ್ತೊಬ್ಬರು ಟೈಲ್ ಟ್ರಿಮ್ ಅನ್ನುತ್ತಾರೆ. ಹಾಗಾಗಿ ಹೆಸರು ಹಿಡಿದು ಹೋಗಬೇಡಿ, ಅಳತೆ ಹಿಡಿದು ಹೋಗಿ. ಅಂಚಿನ ಅಗಲ ಎಷ್ಟು, ಮುಂದೆ ಎಷ್ಟು ಇಳಿಯಬೇಕು, ಎರಡನ್ನೂ ಬರೆದುಕೊಳ್ಳಿ. ಅಂಚಿನ ಅಗಲವನ್ನು ಒಂದೇ ಕಡೆ ಅಳೆದರೆ ಸಾಲದು. ನಮ್ಮ ಹಾಲ್‌ನಲ್ಲಿ ಬಾಗಿಲ ಹತ್ತಿರ 12 ಮಿಲಿಮೀಟರ್ ಇದ್ದದ್ದು ಕಿಟಕಿ ಕೆಳಗೆ 19 ಆಗಿತ್ತು. ಗಾರೆ ಗೋಡೆ ಎಲ್ಲಿ ನೆಟ್ಟಗಿರುತ್ತದೆ ಹೇಳಿ.

ನಾನು ಹೇಳುವುದು ಮೂರು ಮನೆಯ ಲೆಕ್ಕದಲ್ಲಿ. ನಮ್ಮದು ಚಿಕ್ಕಮಗಳೂರು ಪೇಟೆಯ ಮನೆ, ಟೈಲ್ಸ್ ನೆಲ. ತವರು ಮೂಡಿಗೆರೆ ಕಡೆ, ಕೆಂಪು ರೆಡಾಕ್ಸೈಡ್ ನೆಲದ ಹಳೇ ಮನೆ. ತಮ್ಮನದು ಹಾಸನದಲ್ಲಿ ಹೊಸದಾಗಿ ಕಟ್ಟಿಸಿದ ಮನೆ. ಮೂರಕ್ಕೂ ಬೇರೆ ಬೇರೆ ಪಟ್ಟಿ ಹಾಕಿದ್ದೇವೆ, ಮೂರರಲ್ಲೂ ಒಂದೊಂದು ತಪ್ಪು ಮಾಡಿದ್ದೇವೆ.

ಪಟ್ಟಿ ಆಮೇಲೆ, ಮೊದಲು ಗೋಡೆ

ಪಟ್ಟಿ ಯಾವುದು ಚೆಂದ ಅಂತ ಮೊಬೈಲ್‌ನಲ್ಲಿ ನೋಡುತ್ತಾ ಕೂರುವ ಮೊದಲು ನಿಮ್ಮ ಗೋಡೆ ಬುಡಕ್ಕೆ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ. ನಮ್ಮ ಕಡೆ ಆಯ್ಕೆಯನ್ನು ಅರ್ಧ ಮುಗಿಸುವುದು ಇದೇ. ಒಂದೇ ಜಿಲ್ಲೆಯಲ್ಲಿ ಕಡೂರು ಒಣಗಿರುತ್ತದೆ, ಮೂಡಿಗೆರೆ ತೊಟ್ಟಿಕ್ಕುತ್ತಿರುತ್ತದೆ. ಹಾಸನದಲ್ಲೂ ಹಾಗೇ, ಅರಸೀಕೆರೆಯದು ಒಂದು ಲೋಕ, ಸಕಲೇಶಪುರದ್ದು ಇನ್ನೊಂದು. ಅರಸೀಕೆರೆಯಲ್ಲಿ ಹತ್ತು ವರ್ಷ ಬಾಳುವ ಪಟ್ಟಿ ಸಕಲೇಶಪುರದಲ್ಲಿ ಒಂದು ಆಷಾಢ ದಾಟಲಿಕ್ಕಿಲ್ಲ.

ನೀರು ಮೂರು ದಾರಿಯಲ್ಲಿ ಬರುತ್ತದೆ. ಒಂದು, ನಾವೇ ಒರೆಸುವ ನೀರು. ಇದು ಹೆಚ್ಚೇನೂ ಅಲ್ಲ, ನೆತ್ತಿಯವರೆಗೆ ಏರುವುದೂ ಕಡಿಮೆ. ಎರಡು, ಮಳೆಗಾಲದ ಗಾಳಿಯ ತೇವ. ಬೀರುವಿನಲ್ಲಿರುವ ಬೆಲ್ಟಿಗೆ ಬೂಷ್ಟು ಹಿಡಿಯುತ್ತಲ್ಲ, ಅದೇ. ಮೂರನೆಯದೇ ಅಸಲಿ ಶತ್ರು, ನೆಲದಿಂದ ಗೋಡೆ ಒಳಗೇ ಮೇಲಕ್ಕೇರುವ ಥಂಡಿ. ಪಾಯದಲ್ಲಿ ತೇವ ತಡೆಯುವ ಪದರ ಇಲ್ಲದ ಹಳೇ ಮನೆಗಳಲ್ಲಿ ಇಟ್ಟಿಗೆ ನೀರನ್ನು ಬತ್ತಿ ಎಣ್ಣೆ ಎಳೆದ ಹಾಗೆ ಎಳೆಯುತ್ತದೆ. ಸ್ಕರ್ಟಿಂಗ್ ಮೇಲೆ ಪೇಂಟ್ ಉಬ್ಬಿದ್ದರೆ, ಬೆರಳಲ್ಲಿ ಉಜ್ಜಿದಾಗ ಬಿಳಿ ಉಪ್ಪು ಉದುರಿದರೆ, ಅದು ಇದೇ ಕೇಸು.

ಅನುಮಾನ ಇದ್ದರೆ ಸುಲಭದ ಪರೀಕ್ಷೆ ಇದೆ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಸ್ಕರ್ಟಿಂಗ್ ಮೇಲಿನ ಗೋಡೆಗೆ ನಾಲ್ಕೂ ಬದಿ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಬೆವರಿದ್ದರೆ ಅದು ಕೋಣೆ ಗಾಳಿಯ ತೇವ. ಒಳಮೈ, ಅಂದರೆ ಗೋಡೆ ಕಡೆ, ಬೆವರಿದ್ದರೆ ಥಂಡಿ ಗೋಡೆಯಿಂದಲೇ ಬರುತ್ತಿದೆ. ಅಂಥ ಗೋಡೆಗೆ ಯಾವ ಪಟ್ಟಿಯನ್ನೂ ಅಂಟಿಸಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಪಟ್ಟಿ ಅಂಟಿಸಿ ಮೇಲಿನ ಸಂದಿಗೆ ಸಿಲಿಕೋನ್ ಎಳೆದರೆ ಒಳಗಿನ ನೀರಿಗೆ ಹೊರಬರಲು ದಾರಿ ಕಡಿಮೆಯಾಗುತ್ತದೆ, ಅದು ಇನ್ನೂ ಎರಡಿಂಚು ಮೇಲೆ ಹೋಗಿ ಅಲ್ಲಿ ಪೇಂಟ್ ಎಬ್ಬಿಸುತ್ತದೆ. ಮೊದಲು ಥಂಡಿ ಸರಿಮಾಡಿಸಿ. ಎಷ್ಟೋ ಸಲ ಕಾರಣ ಸಣ್ಣದೇ ಇರುತ್ತದೆ, ಹೊರಗಡೆ ಗೋಡೆಗೊರಗಿಸಿ ಹಾಕಿದ ಹೂವಿನ ಪಾತಿ, ಮಣ್ಣಿನ ರಾಶಿ, ಸೂರಿನ ನೀರು ಗೋಡೆ ಬುಡಕ್ಕೇ ಬೀಳುವುದು. ತವರಿನಲ್ಲಿ ಡೇರೆ ಗಿಡದ ಪಾತಿಯನ್ನು ಗೋಡೆಯಿಂದ ಮೂರಡಿ ಆಚೆ ಸರಿಸಿದ್ದಕ್ಕೇ ಅರ್ಧ ಗೋಡೆ ಒಣಗಿತು. ಅಮ್ಮ ಆರು ತಿಂಗಳು ಮುಖ ಊದಿಸಿಕೊಂಡಿದ್ದರು, ಅದು ಬೇರೆ ಮಾತು.

ಮನೆ ಇನ್ನೂ ಕಟ್ಟುತ್ತಿದ್ದೀರಾ?

ಹಾಗಾದರೆ ಈ ಪಟ್ಟಿಯ ತಲೆನೋವೇ ನಿಮಗೆ ಬೇಡ. ಪ್ಲಾಸ್ಟರ್ ಮಾಡುವಾಗಲೇ ಕೆಳಗಿನ ನಾಲ್ಕಿಂಚು ಜಾಗವನ್ನು ತೆಳುವಾಗಿ ಬಿಡಿಸಿ ಸ್ಕರ್ಟಿಂಗನ್ನು ಗೋಡೆ ಸಮಕ್ಕೆ ಒಳಗೆ ಕೂರಿಸಬಹುದು. ಮಧ್ಯೆ ಒಂದು ಸಣ್ಣ ಗ್ರೂವ್ ಬಿಟ್ಟರೆ ನೋಡಲೂ ಚೆಂದ. ಧೂಳು ಕೂರಲು ಅಂಚೇ ಇರುವುದಿಲ್ಲ. ಮೇಸ್ತ್ರಿಗೆ ಮೊದಲೇ ಹೇಳಬೇಕು, ಪ್ಲಾಸ್ಟರ್ ಆದಮೇಲೆ ಹೇಳಿದರೆ ಗೋಡೆ ಒಡೆಯಬೇಕಾಗುತ್ತದೆ, ಅವರು ಒಡೆಯುವುದಿಲ್ಲ.

ಗ್ರಾನೈಟ್ ಸ್ಕರ್ಟಿಂಗ್ ಆದರೆ ಇನ್ನೂ ಸುಲಭ. ಕಲ್ಲು ಕತ್ತರಿಸುವಾಗಲೇ ಮೇಲಂಚಿಗೆ ಮೋಲ್ಡಿಂಗ್ ಹೊಡೆಸಿಬಿಡಿ. ಅರೆದುಂಡಾಗಿ ಪಾಲಿಶ್ ಆಗಿ ಬರುತ್ತದೆ, ಕಲ್ಲೇ ಅದರ ಟೋಪಿ. ಹಾಸನ ಗ್ರೀನ್ ಅಂತ ಪಕ್ಕದ ಜಿಲ್ಲೆ ಹೆಸರಿನ ಕಲ್ಲೇ ಇದೆ, ಕಡುಹಸಿರು, ಬಿಳಿ ಗೋಡೆ ಕೆಳಗೆ ಚೆನ್ನಾಗಿ ಒಪ್ಪುತ್ತದೆ. ಹೊಯ್ಸಳರು ಹಳೇಬೀಡಿನಲ್ಲಿ ಗೋಡೆ ಬುಡಕ್ಕೆ ಆನೆ ಸಾಲನ್ನೇ ಓಡಿಸಿದರು, ನಮಗೆ ಅರ್ಧ ಇಂಚಿನ ದುಂಡಂಚು ಸಾಕು.

ಟೈಲ್ಸ್ ಹಾಕುವಾಗಲೇ ಕೂರಿಸುವ ಲೋಹದ ಟ್ರಿಮ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಅದಕ್ಕೆ ತೂತು ತೂತಿನ ಒಂದು ಕಾಲು ಇರುತ್ತದೆ. ಆ ಕಾಲು ಟೈಲ್ ಹಿಂದೆ ಅಂಟಿನೊಳಗೆ ಹುದುಗಬೇಕು. ಟೈಲ್ಸ್ ಹಾಕಿ ಮುಗಿದ ಮನೆಗೆ ಅದು ಕೆಲಸಕ್ಕೆ ಬರುವುದಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ ನಮ್ಮ ಮನೆಯವರು ಬೆಂಗಳೂರಿನಿಂದ ಆರು ಲೆಂತ್ ಅದನ್ನೇ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದರು.

ಇನ್ನು ಮುಂದಿನದೆಲ್ಲ ಟೈಲ್ಸ್ ಹಾಕಿ ಆಗಿರುವ, ಜನ ವಾಸ ಇರುವ ಮನೆಗೆ.

ಪಿವಿಸಿ: ಅಗ್ಗ, ನೀರಿಗೆ ಹೆದರುವುದಿಲ್ಲ, ಆದರೆ ಉದ್ದವಾಗುತ್ತದೆ

ಎಲ್ ಆಕಾರದ್ದು, ಕಾಲು ದುಂಡಿನದು, ಹಿಂದೆ ಟೇಪ್ ಅಂಟಿಸಿಯೇ ಬರುವ ಮೆತ್ತನೆಯ ಸುರುಳಿ, ಎಲ್ಲ ಸಿಗುತ್ತದೆ. ಈ ನಾಲ್ಕೈದು ಬಗೆಯಲ್ಲಿ ಅತಿ ಕಡಿಮೆ ಖರ್ಚಿನದು ಇದೇ. ಕತ್ತರಿಸಲು ಹ್ಯಾಕ್ಸಾ ಬ್ಲೇಡ್ ಸಾಕು. ನೀರು, ಗೆದ್ದಲು, ಬೂಷ್ಟು ಯಾವುದೂ ಇದನ್ನು ತಿನ್ನುವುದಿಲ್ಲ. ಅಡುಗೆಮನೆ, ಬಚ್ಚಲ ಬಾಗಿಲ ಅಕ್ಕಪಕ್ಕ, ವಾಷಿಂಗ್ ಮೆಷಿನ್ ಹಿಂದೆ ನಾನು ಇದನ್ನೇ ಹಾಕು ಅನ್ನುತ್ತೇನೆ.

ತೊಂದರೆ ಏನು ಅಂದರೆ ಬಿಸಿಲಿಗೆ ಹಿಗ್ಗುತ್ತದೆ. ಎಂಟಡಿ ಪಟ್ಟಿ 20 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಅದೇ ಉದ್ದದ ಅಲ್ಯೂಮಿನಿಯಂ ಹಿಗ್ಗುವುದು ಸುಮಾರು 1 ಮಿಲಿಮೀಟರ್ ಅಷ್ಟೆ. ನಮ್ಮ ಊರಲ್ಲಿ ಜನವರಿ ಮುಂಜಾನೆಗೂ ಏಪ್ರಿಲ್ ಮಧ್ಯಾಹ್ನ ಕಿಟಕಿಯಿಂದ ಬಿಸಿಲು ನೇರ ಬೀಳುವ ಗೋಡೆಗೂ ಅಷ್ಟು ವ್ಯತ್ಯಾಸ ಆರಾಮಾಗಿ ಬರುತ್ತದೆ. ನಾವು ಜನವರಿಯಲ್ಲಿ ಮೂಲೆಯಿಂದ ಮೂಲೆಗೆ ಬಿಗಿಯಾಗಿ ಕೂರಿಸಿದೆವು. ಏಪ್ರಿಲ್‌ನಲ್ಲಿ ಪಟ್ಟಿ ಮಧ್ಯದಲ್ಲಿ ಹಾವಿನ ಹಾಗೆ ಎದ್ದು ನಿಂತಿತು. ಚಳಿಯಲ್ಲಿ ಹಾಕುವುದಾದರೆ ಒಂದು ತುದಿಯಲ್ಲಿ 3 ಮಿಲಿಮೀಟರ್ ಸಂದು ಬಿಡಿ, ಬೀರು ಹಿಂದಿನ ಮೂಲೆಯಲ್ಲಿ ಬಿಟ್ಟರೆ ಯಾರಿಗೂ ಕಾಣುವುದಿಲ್ಲ.

ಟೇಪ್ ಅಂಟಿಸಿಯೇ ಬರುವ ಪಟ್ಟಿಯ ಬಗ್ಗೆ ಒಂದು ಮಾತು. ಅದು ಗೋಡೆಗೆ ಅಂಟುವುದಿಲ್ಲ, ಗೋಡೆ ಮೇಲಿನ ಬಣ್ಣಕ್ಕೆ ಅಂಟುತ್ತದೆ. ಸುಣ್ಣ, ಡಿಸ್ಟೆಂಪರ್ ಬಳಿದ ಗೋಡೆಗೆ ಸುಮ್ನೆ ಒಂದು ಸೆಲೋಟೇಪ್ ತುಂಡು ಒತ್ತಿ ಕಿತ್ತು ನೋಡಿ. ಟೇಪಿನ ಮೇಲೆ ಪುಡಿ ಬಂದರೆ ಪಟ್ಟಿಯೂ ಪುಡಿ ಸಮೇತ ಕಳಚಿ ಬೀಳುತ್ತದೆ. ಆ ಭಾಗ ಕೆರೆದು, ಪ್ರೈಮರ್ ಹೊಡೆದು, ಒಣಗಿದ ಮೇಲೆ ಅಂಟಿಸಿ. ಇಲ್ಲದಿದ್ದರೆ ಟೈಲಿನ ಮುಖಕ್ಕೆ ಅಂಟುವ ಹಾಗೆ ಎಲ್ ಪಟ್ಟಿಯನ್ನು ಆಯ್ಕೆ ಮಾಡಿ, ಟೈಲಿನ ಮೈ ನುಣುಪು, ಒಮ್ಮೆ ಸ್ಪಿರಿಟ್‌ನಲ್ಲಿ ಒರೆಸಿದರೆ ಹಿಡಿತ ಚೆನ್ನಾಗಿರುತ್ತದೆ.

ಇನ್ನೊಂದು, ಬಿಳಿ ಪಿವಿಸಿ ಬಿಸಿಲಿಗೆ ಹಳದಿ ತಿರುಗುತ್ತದೆ. ದೇವರ ಮನೆಯಲ್ಲಿ ನೆಲದ ಮೇಲೆ ದೀಪ ಇಡುವ ರೂಢಿ ಇದ್ದರೆ ಆ ಗೋಡೆಗೆ ಪ್ಲಾಸ್ಟಿಕ್ ಬೇಡವೇ ಬೇಡ.

ಎಂಡಿಎಫ್ ಮತ್ತು ಡಬ್ಲ್ಯೂಪಿಸಿ: ನೋಡಲು ಅಣ್ಣತಮ್ಮ, ಗುಣದಲ್ಲಿ ಅಲ್ಲ

ಇದು ನನ್ನ ದುಬಾರಿ ತಪ್ಪು. ಅಂಗಡಿಯಲ್ಲಿ ಎರಡೂ ಬಿಳಿ, ಎರಡಕ್ಕೂ ಒಂದೇ ಥರದ ಡಿಸೈನ್. ಎಂಡಿಎಫ್ ಸ್ವಲ್ಪ ನುಣುಪಾಗಿ ಕಂಡಿತು, ಅಂಚು ಚೂಪಾಗಿ ಬಂದಿತ್ತು, ಅದನ್ನೇ ತಂದೆ. 'ಏನೂ ಆಗಲ್ಲ ಮೇಡಂ, ಪೇಂಟ್ ಇದೆಯಲ್ಲ' ಅಂದರು ಅಂಗಡಿಯವರು. ಮೇಲ್ಗಡೆ ಪೇಂಟ್ ಇತ್ತು, ನಿಜ. ಕತ್ತರಿಸಿದ ತುದಿಯಲ್ಲಿ, ಹಿಂಭಾಗದಲ್ಲಿ ಇರಲಿಲ್ಲ. ಎಂಡಿಎಫ್ ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಆ ನಾರು ಒತ್ತಡ ಬಿಟ್ಟು ಅರಳುತ್ತದೆ, ಒಣಗಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಜೂನ್‌ನಲ್ಲಿ ಹಾಕಿದ್ದು, ಆಗಸ್ಟ್ ಹೊತ್ತಿಗೆ ಬಾಲ್ಕನಿ ಬಾಗಿಲ ಹತ್ತಿರದ ತುದಿ ಹಾಲಿನಲ್ಲಿ ಅದ್ದಿದ ರಸ್ಕಿನ ಹಾಗೆ ಆಗಿತ್ತು. ಉಗುರಿನಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು.

ಡಬ್ಲ್ಯೂಪಿಸಿ ಬೇರೆ. ಅದು ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು, ನೀರಿಗೆ ಎಂಡಿಎಫ್ ಥರ ಅರಳುವುದಿಲ್ಲ. ಮೊಳೆ ಹಿಡಿಯುತ್ತದೆ, ಪೇಂಟ್ ಹಿಡಿಯುತ್ತದೆ, ಮರದ ಗರಗಸದಲ್ಲೇ ಕುಯ್ಯಬಹುದು. ಪಿವಿಸಿಗಿಂತ ಬೆಲೆ ಜಾಸ್ತಿ, ಒಳ್ಳೆ ಮರಕ್ಕಿಂತ ಕಡಿಮೆ. ಪೇಟೆ ಮನೆಯ ಹಾಲ್‌ಗೆ ಪೇಂಟ್ ಹೊಡೆದ ಬಿಳಿ ಪಟ್ಟಿ ಬೇಕು ಅಂದರೆ ಇದನ್ನೇ ತೆಗೆದುಕೊಳ್ಳಿ. ಎರಡರಲ್ಲಿ ಯಾವುದು ಅಂತ ಅನುಮಾನ ಬಂದರೆ ಕತ್ತರಿಸಿದ ಒಂದು ಚೂರು ಕೇಳಿ ತಂದು ರಾತ್ರಿ ಲೋಟದ ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ಅದೇ ಹೇಳುತ್ತದೆ.

ಅಲ್ಯೂಮಿನಿಯಂ, ಸ್ಟೀಲ್

ತಮ್ಮನಿಗೆ ಸ್ಟೀಲ್ ಪಟ್ಟಿಯ ಹುಚ್ಚು. ಬೂದು ಟೈಲ್ಸ್ ಮೇಲೆ ಸಣ್ಣ ಗೆರೆ ಹೊಳೆಯಬೇಕು ಅಂತ. ಒಪ್ಪುತ್ತೇನೆ, ನೋಡಲು ಭಾರಿ ಚೆಂದ. ತೆಳ್ಳಗೆ, ನೇರ, ಹೋಟೆಲ್ ರೂಮಿನ ಹಾಗೆ. ಆದರೆ ಗೃಹಪ್ರವೇಶದ ಹಿಂದಿನ ದಿನ ನೆಲದ ಸಿಮೆಂಟ್ ಕಲೆ ಹೋಗಲಿ ಅಂತ ಕೆಲಸದವರು ಆಸಿಡ್ ಸುರಿದು ತೊಳೆದರು. ವಾರದೊಳಗೆ ಪಟ್ಟಿ ತುಂಬ ಕಂದು ಚುಕ್ಕಿ, ಬಾಳೆಹಣ್ಣಿನ ಸಿಪ್ಪೆ ಥರ. ಆಸಿಡ್ ತಗಲಬೇಕು ಅಂತಲೂ ಇಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದರ ಹೊಗೆಯೇ ಸಾಕು. ಲೋಹದ ಪಟ್ಟಿ ಇರುವ ಮನೆಯಲ್ಲಿ ನೆಲಕ್ಕೆ ಆಸಿಡ್ ಹಾಕಲೇಬೇಡಿ, ಸೋಪಿನ ನೀರು ಸಾಕು. ಹಾಕಲೇಬೇಕು ಅಂದರೆ ಪಟ್ಟಿ ಕೂರಿಸುವ ಮೊದಲು ತೊಳೆದು ಮುಗಿಸಿ.

ಸ್ಟೀಲ್ ತೆಗೆದುಕೊಳ್ಳುವಾಗ 304 ಗ್ರೇಡ್ ಕೇಳಿ. 202 ಅಂತ ಇನ್ನೊಂದು ಇದೆ, ಅಗ್ಗ, ಬೇಗ ಚುಕ್ಕಿ ಹಿಡಿಯುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುತ್ತೇನೆ ಅಂತ ತಮ್ಮ ಫ್ರಿಜ್ಜಿನ ಮ್ಯಾಗ್ನೆಟ್ ಕಿತ್ತುಕೊಂಡು ಹೋಗಿದ್ದ. ಅದು ಇಲ್ಲಿ ಉಪಯೋಗಕ್ಕಿಲ್ಲ, ಎರಡಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳುವುದೇ ದಾರಿ.

ಅಲ್ಯೂಮಿನಿಯಂ ಸ್ಟೀಲಿಗಿಂತ ಅಗ್ಗ, ಹಗುರ, ಚಿನ್ನದ ಬಣ್ಣ, ಕಪ್ಪು, ಕಂಚಿನ ಬಣ್ಣ ಎಲ್ಲದರಲ್ಲೂ ಬರುತ್ತದೆ. ಇದಕ್ಕೆ ಆಗದಿರುವುದು ಹಸಿ ಸಿಮೆಂಟ್. ಸಿಮೆಂಟಿನ ಕ್ಷಾರ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಮೇಲಿನ ಬಣ್ಣವನ್ನೂ ಮಂಕು ಮಾಡುತ್ತದೆ. ಪಟ್ಟಿ ಮೇಲೆ ಸಿಮೆಂಟೋ ಗ್ರೌಟೋ ಬಿದ್ದರೆ ಒಣಗಲು ಬಿಡದೆ ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ.

ಲೋಹಕ್ಕೆ ಹುಷಾರಾಗಿರಬೇಕಾದ ಇನ್ನೊಂದು ಜಾಗ ಹೊರಮೂಲೆ. ಪ್ಯಾಸೇಜಿಗೆ ತಿರುಗುವ ಕಡೆ ಕತ್ತರಿಸಿದ ತುದಿ ಬ್ಲೇಡ್ ಥರ ಇರುತ್ತದೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಅರ ಹಾಕಿ ತಿಕ್ಕದೆ ಬಿಡಬೇಡಿ. ಕೈಯಿಂದ ಸವರಿ ನೋಡಬೇಡಿ, ಹತ್ತಿಯ ಉಂಡೆ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಇನ್ನೂ ಚೂಪಿದೆ ಅಂತ.

ಮರ: ನನಗಿಷ್ಟ, ಆದರೆ ಎಲ್ಲರಿಗೂ ಹೇಳುವುದಿಲ್ಲ

ತವರಿನ ರೆಡಾಕ್ಸೈಡ್ ನೆಲಕ್ಕೆ ಪ್ಲಾಸ್ಟಿಕ್ ಪಟ್ಟಿ ಹಾಕುವುದು ರೇಷ್ಮೆ ಸೀರೆಗೆ ಹವಾಯಿ ಚಪ್ಪಲಿ ಹಾಕಿದ ಹಾಗೆ. ಅಲ್ಲಿ ಸ್ಕರ್ಟಿಂಗ್ ಅಂದರೆ ಗೋಡೆಗೇ ತಿಕ್ಕಿದ ಕಪ್ಪು ಪಟ್ಟೆ, ಮುಂದಕ್ಕೆ ಚಾಚಿಕೊಂಡಿಲ್ಲ. ಅದರ ಮೇಲಂಚಿನಲ್ಲಿ ಬಣ್ಣ ಅಂಕುಡೊಂಕಾಗಿತ್ತು. ಅದಕ್ಕೆ ಮುಕ್ಕಾಲಿಂಚು ಅಗಲದ ಮರದ ಪಟ್ಟಿ ಓಡಿಸಿದೆವು.

ಯಾವ ಮರ ಅನ್ನುವ ಚರ್ಚೆ ಮೂರು ಭಾನುವಾರ ನಡೆಯಿತು. ಅಪ್ಪನಿಗೆ ತೋಟದ ಸಿಲ್ವರ್ ಓಕ್ ಆಗಬೇಕಿತ್ತು, ದುಡ್ಡಿಲ್ಲದೆ ಸಿಗುತ್ತದೆ ಅಂತ. ಸಿಲ್ವರ್ ಓಕ್ ಕಾಫಿಗೆ ನೆರಳು ಕೊಡಲು, ಮೆಣಸಿನ ಬಳ್ಳಿ ಹಬ್ಬಿಸಲು ಸರಿ. ಗೋಡೆ ಬುಡದಲ್ಲಿ ಇಟ್ಟರೆ ಒರಲೆಗೆ ಊಟ ಬಡಿಸಿದ ಹಾಗೆ. ಹೊನ್ನೆ ಗಟ್ಟಿ ಮರ, ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಕುಡಿಯುವುದು ನೋಡಿದ್ದೀರಲ್ಲ, ಬೆಳಿಗ್ಗೆ ನೀರಿನ ಬಣ್ಣವೇ ಬೇರೆ. ಅದೇ ಬಣ್ಣ ಬಿಳಿ ಗೋಡೆಗೆ ಇಳಿಯುತ್ತದೆ. ಕೊನೆಗೆ ಉಳಿದದ್ದು ಸಾಗುವಾನಿ ಮತ್ತು ಹಲಸು. ಸಾಗುವಾನಿಯ ತಿರುಳಿಗೆ ಒರಲೆ ಬೇಗ ಬರುವುದಿಲ್ಲ, ಮಳೆಗಾಲಕ್ಕೆ ಹಿಗ್ಗುವುದೂ ಕಡಿಮೆ. ಬೆಳ್ಳಗಿರುವ ಹೊರಮೈ ಮರಕ್ಕೆ ಆ ಗುಣ ಇಲ್ಲ, ಪಟ್ಟಿ ಕೊಳ್ಳುವಾಗ ಬಿಳಿ ಗೆರೆ ಇದ್ದರೆ ಬದಿಗಿಡಿ. ಹಲಸು ಮೊದಲು ಅರಿಸಿನ ಹಳದಿ ಇರುತ್ತದೆ, ವರ್ಷಗಳು ಕಳೆದಂತೆ ಕಾಫಿ ಕಂದಿಗೆ ತಿರುಗುತ್ತದೆ. ಹಳೇ ಬಾಗಿಲು ಹಲಸಿನದಾಗಿದ್ದರಿಂದ ನಾವು ಹಲಸೇ ಹಾಕಿದೆವು. ಅಟ್ಟದ ಮೇಲೆ ಹನ್ನೆರಡು ವರ್ಷದಿಂದ ಒಣಗಿ ಬಿದ್ದಿದ್ದ ಹಲಗೆ ಇತ್ತು, ಅದನ್ನೇ ಸೀಳಿಸಿದ್ದು. ಹಸಿ ಮರ ಎಷ್ಟೇ ಒಳ್ಳೆ ಜಾತಿಯದಾದರೂ ತಿರುಚಿಕೊಳ್ಳುತ್ತದೆ.

ಮರಕ್ಕೆ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಾಣುವ ಮುಖಕ್ಕೆ ಮೂರು ಕೋಟ್ ಪಾಲಿಶ್, ಗೋಡೆ ಕಡೆಯ ಬೆನ್ನಿಗೆ ಏನೂ ಇಲ್ಲ. ಆಗ ಬೆನ್ನು ತೇವ ಕುಡಿದು ಹಿಗ್ಗುತ್ತದೆ, ಮುಖ ಹಿಗ್ಗುವುದಿಲ್ಲ, ಪಟ್ಟಿ ದೋಣಿ ಥರ ಬಾಗುತ್ತದೆ. ಬೆನ್ನಿಗೂ ಕತ್ತರಿಸಿದ ತುದಿಗೂ ಒಂದು ಕೋಟ್ ಹೊಡೆದೇ ಗೋಡೆಗೆ ಇಡಿ. ಪಾಲಿಶ್ ಕೆಲಸವನ್ನು ಮೇ ಒಳಗೆ ಮುಗಿಸಿಬಿಡಿ. ಜುಲೈನ ತೇವದ ಗಾಳಿಯಲ್ಲಿ ಫ್ರೆಂಚ್ ಪಾಲಿಶ್, ಲ್ಯಾಕರ್ ಬಳಿದರೆ ಒಣಗುವಾಗ ಮೇಲೆ ಹಾಲಿನ ಕೆನೆ ಥರ ಬಿಳಿ ಮಬ್ಬು ಕೂರುತ್ತದೆ. ಜಂತೆಗೆ ಬಳಿಯುವ ಗೇರೆಣ್ಣೆ ಇದಕ್ಕೂ ಬಳಿದರಾಯಿತು ಅಂತ ಅಪ್ಪ ಹೇಳಿದರು, ಬೇಡ ಅಂದೆ. ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ, ಮಕ್ಕಳು ನೆಲದಲ್ಲಿ ಕೂತು ಆಡುವ ಜಾಗ ಅದು.

ಮಳೆಹುಳ ಅಂದೆನಲ್ಲ, ಅದು ರೆಕ್ಕೆ ಬಂದ ಗೆದ್ದಲೇ. ಒಂದು ಸಂಜೆ ದೀಪಕ್ಕೆ ಬಂದದ್ದು ಲೆಕ್ಕಕ್ಕಿಲ್ಲ. ಆದರೆ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ರೆಕ್ಕೆಗಳ ರಾಶಿ ಬಿದ್ದಿದ್ದರೆ, ಅಥವಾ ಸ್ಕರ್ಟಿಂಗ್ ಸಂದಿಯಿಂದ ಮಣ್ಣಿನ ಸಣ್ಣ ದಾರಿ ಮೇಲೆದ್ದಿದ್ದರೆ, ಆ ಮನೆಗೆ ಮರದ ಪಟ್ಟಿ ಸದ್ಯಕ್ಕೆ ಬೇಡ. ಮೊದಲು ಗೆದ್ದಲಿಗೆ ಮದ್ದು ಮಾಡಿಸಿ.

ಮೂಲೆಯಲ್ಲಿ ಮರ್ಯಾದೆ ಹೋಗುವುದು

ಯಾವ ಪಟ್ಟಿಯಾದರೂ ನೆಂಟರ ಕಣ್ಣು ಮೊದಲು ಹೋಗುವುದು ಮೂಲೆಗೆ. 45 ಡಿಗ್ರಿ ಎರಡು ಓರೆ ಕತ್ತರಿಸಿ ಜೋಡಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಆಚಾರ್ರು ಬಂದು ಮೂಲೆಮಟ್ಟ ಇಟ್ಟರು. ಒಂದು ಕಡೆ ಗೋಡೆಗೆ ಅಂಟಿ ಕೂತಿತು, ಇನ್ನೊಂದು ಕಡೆ ತುದಿಯಲ್ಲಿ ಕಿರುಬೆರಳು ತೂರುವಷ್ಟು ಸಂದು. 'ಅಕ್ಕಾ, ನಿಮ್ಮ ಮನೆ ಮೂಲೆ ಮೂಲೆನೇ ಅಲ್ಲ' ಅಂದರು. ಅಳೆದರೆ 92 ಡಿಗ್ರಿ. ಹಾಗಿದ್ದರೆ ಪ್ರತಿ ಪಟ್ಟಿಯನ್ನೂ 46ಕ್ಕೆ ಕತ್ತರಿಸಬೇಕು. ಅಳೆಯುವ ಉಪಕರಣ ಇಲ್ಲದಿದ್ದರೆ ದಪ್ಪ ಕಾಗದವನ್ನು ಮೂಲೆಗೆ ಒತ್ತಿ ಮಡಚಿ, ಆ ಕೋನವನ್ನು ಸರಿ ಅರ್ಧಕ್ಕೆ ಇನ್ನೊಮ್ಮೆ ಮಡಚಿ, ಆ ಗೆರೆಯನ್ನೇ ಪಟ್ಟಿ ಮೇಲೆ ಎಳೆದುಕೊಳ್ಳಿ.

ಒಳಮೂಲೆಗೆ ಆಚಾರ್ರು ಇನ್ನೊಂದು ಉಪಾಯ ಮಾಡಿದರು. ಒಂದು ಪಟ್ಟಿಯನ್ನು ನೇರವಾಗಿ ಗೋಡೆವರೆಗೂ ಒತ್ತಿ ಕೂರಿಸಿದರು. ಇನ್ನೊಂದರ ತುದಿಯನ್ನು ಮೊದಲಿನ ಪಟ್ಟಿಯ ಉಬ್ಬುತಗ್ಗಿಗೆ ಸರಿಯಾಗಿ ಕೆತ್ತಿ ಅದಕ್ಕೆ ತಬ್ಬಿಸಿದರು. ಮರ ಹಿಗ್ಗಿದರೂ ಕುಗ್ಗಿದರೂ ಸಂದು ಕಾಣುವುದಿಲ್ಲ. ಸಮಯ ಹಿಡಿಯುತ್ತದೆ, ಕೈಗೆ ಅಭ್ಯಾಸವೂ ಬೇಕು. ನೀವೇ ಮಾಡುತ್ತಿದ್ದರೆ ಪಿವಿಸಿಗೆ ಸಿಗುವ ರೆಡಿ ಮೂಲೆ ತುಂಡು ಹಾಕಿ ಸುಮ್ಮನಾಗಿ, ಅದರಲ್ಲೇನೂ ಅವಮಾನ ಇಲ್ಲ.

ಉದ್ದ ಗೋಡೆಯಲ್ಲಿ ಎರಡು ಪಟ್ಟಿ ಸೇರುವ ಕಡೆ ನೇರ ಕತ್ತರಿಸಬೇಡಿ. ಎರಡನ್ನೂ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಒರಗುವ ಹಾಗೆ ಸೇರಿಸಿ. ಆ ಜೋಡಣೆ ಸೋಫಾ ಹಿಂದೆ ಬರುವ ಹಾಗೆ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಅಂಟು

ಮರಕ್ಕೆ ಮರ ಅಂಟಿಸುವ ಬಿಳಿ ಫೆವಿಕಾಲ್ ಇಲ್ಲಿ ನಡೆಯುವುದಿಲ್ಲ, ಅದು ಟೈಲಿನ ಮೇಲೆ ಹಿಡಿಯುವುದಿಲ್ಲ. ಗನ್ನಿಗೆ ಹಾಕಿ ಒತ್ತುವ ಟ್ಯೂಬಿನ ಕನ್‌ಸ್ಟ್ರಕ್ಷನ್ ಅಂಟು ಬೇಕು. ಸಿಲಿಕೋನ್‌ನಲ್ಲಿ ಎರಡು ಜಾತಿ. ವಿನೆಗರ್ ವಾಸನೆ ಬರುವುದು ಲೋಹವನ್ನು ತಿನ್ನುತ್ತದೆ, ಮಾರ್ಬಲ್ ಇದ್ದರೆ ಕಲೆ ಮಾಡುತ್ತದೆ. ಲೋಹಕ್ಕೆ, ಕಲ್ಲಿಗೆ ನ್ಯೂಟ್ರಲ್ ಅಂತ ಬರೆದಿರುವುದನ್ನೇ ಕೇಳಿ. ಮೇಲೆ ಪೇಂಟ್ ಹೊಡೆಯುವುದಿದ್ದರೆ ಸಂದು ತುಂಬಲು ಸಿಲಿಕೋನ್ ಬೇಡ, ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ಅಕ್ರಿಲಿಕ್ ಸೀಲಂಟ್ ತನ್ನಿ. ಸಾಗುವಾನಿಗೆ ಮೈಯಲ್ಲೇ ಎಣ್ಣೆ ಇರುತ್ತದೆ, ಅಂಟು ಹಾಕುವ ಜಾಗವನ್ನು ಮೊದಲು ಥಿನ್ನರ್‌ನಲ್ಲಿ ಒರೆಸಿಕೊಳ್ಳಿ. ಅಂಟು ಹಿಡಿಯುವವರೆಗೆ ಒಂದೊಂದಡಿಗೆ ಮಾಸ್ಕಿಂಗ್ ಟೇಪ್ ಹಾಕಿ ಒಂದು ದಿನ ಬಿಡಿ.

ಮೊಳೆ ಹೊಡೆಯುವ ಆಸೆ ಇದ್ದರೆ ಸ್ವಿಚ್ ಬೋರ್ಡಿನ ಕೆಳಗೆ, ಮೇಲೆ ನೇರ ಗೆರೆಯಲ್ಲಿ ಎಲ್ಲೂ ಬೇಡ. ವೈರ್ ಪೈಪ್ ಅಲ್ಲೇ ಹೋಗಿರುತ್ತದೆ.

ಹಾಗಾದರೆ ಯಾವುದು?

ಅಡುಗೆಮನೆ, ಬಚ್ಚಲ ಅಕ್ಕಪಕ್ಕ, ಬಾಡಿಗೆ ಮನೆ: ಪಿವಿಸಿ, ಇನ್ನು ಯೋಚನೆ ಮಾಡಬೇಡಿ. ಪೇಟೆ ಮನೆ ಹಾಲ್, ಬಿಳಿ ಅಥವಾ ಗೋಡೆ ಬಣ್ಣದ ಪಟ್ಟಿ ಬೇಕು ಅಂದರೆ ಡಬ್ಲ್ಯೂಪಿಸಿ. ಬೂದು, ಕಪ್ಪು ಟೈಲ್ಸಿನ ಹೊಸ ಮನೆಗೆ ಅಲ್ಯೂಮಿನಿಯಂ. ಸ್ಟೀಲ್ ಬೇಕೇಬೇಕು ಅನ್ನುವವರು 304 ತಂದು ಆಸಿಡ್ ಬಾಟಲಿಯನ್ನು ಮನೆಯಿಂದ ಆಚೆ ಹಾಕಿ. ರೆಡಾಕ್ಸೈಡ್ ನೆಲ, ಮರದ ಕಂಬದ ಮನೆ, ಗೋಡೆ ಒಣಗಿದೆ, ಗೆದ್ದಲಿಲ್ಲ ಅಂದರೆ ಸಾಗುವಾನಿ ಅಥವಾ ಹಲಸು. ಎಂಡಿಎಫ್ ನಮ್ಮ ಮಲೆನಾಡಿಗಲ್ಲ. ಕಡೂರು, ಅರಸೀಕೆರೆ ಕಡೆಯವರು ಮಹಡಿ ಮೇಲಿನ ಬೆಡ್‌ರೂಮಿಗೆ ಹಾಕಿಕೊಳ್ಳಬಹುದು. ಕೈಯಲ್ಲಿ ದುಡ್ಡಿಲ್ಲ, ಧೂಳಿನ ಕಾಟ ಮಾತ್ರ ತಪ್ಪಬೇಕು ಅನ್ನುವವರಿಗೆ ಪಟ್ಟಿಯೇ ಬೇಡ, ವೈಟ್ ಸಿಮೆಂಟನ್ನು ಇಳಿಜಾರಾಗಿ ತುಂಬಿಸಿ ಮೇಲೆ ಗೋಡೆ ಬಣ್ಣ ಹೊಡೆಸಿ. ಧೂಳು ನಿಲ್ಲುವುದಿಲ್ಲ, ಜಾರುತ್ತದೆ. ಪ್ರತಿ ಸಲ ಪೇಂಟ್ ಮಾಡಿಸುವಾಗ ಬಿರುಕು ಮುಚ್ಚಿಸಬೇಕು ಅಷ್ಟೆ.

ಎಷ್ಟು ತರಬೇಕು ಅಂತ ಲೆಕ್ಕ ಹೀಗೆ. 12ಕ್ಕೆ 14 ಅಡಿಯ ಹಾಲ್ ಅಂದರೆ ಸುತ್ತಳತೆ 52 ಅಡಿ. ಮುಂಬಾಗಿಲು 4 ಅಡಿ, ಒಳಬಾಗಿಲು ಎರಡು ಸೇರಿ 6 ಅಡಿ ಕಳೆದರೆ 42. ಮೂಲೆ ಕತ್ತರಿಸುವಾಗ ಹಾಳಾಗುವುದಕ್ಕೆ ಹತ್ತಕ್ಕೊಂದು ಸೇರಿಸಿ, 46 ಅಡಿ ಚಿಲ್ಲರೆ. ಎಂಟಡಿ ಲೆಂತ್ ಆದರೆ ಆರು. ಅಂಗಡಿಯಲ್ಲಿ ದರ ಅಡಿಗೆ ಹೇಳುತ್ತಿದ್ದಾರಾ ಲೆಂತಿಗೆ ಹೇಳುತ್ತಿದ್ದಾರಾ ಕೇಳಿ, ಲೆಂತ್ ಎಂಟಡಿಯದಾ ಹತ್ತಡಿಯದಾ ಅದನ್ನೂ ಕೇಳಿ.

ಆರು ಸಾಕು ಅಂದರೆ ಏಳು ತನ್ನಿ. ಮುಂದಿನ ವರ್ಷ ಒಂದು ಒಡೆದರೆ ಅದೇ ಬಣ್ಣ ಸಿಗುವುದಿಲ್ಲ, ಒಂದೊಂದು ಸಲದ ಮಾಲಿಗೆ ಒಂದೊಂದು ಛಾಯೆ ಇರುತ್ತದೆ. ನಾನು ತಂದ ಏಳನೆಯದನ್ನು ನಮ್ಮ ಅತ್ತೆ ಬಾಲ್ಕನಿಯಲ್ಲಿ ಎರಡು ಕೊಕ್ಕೆಗೆ ಸಿಕ್ಕಿಸಿ ಕರವಸ್ತ್ರ ಒಣಹಾಕುತ್ತಿದ್ದಾರೆ. ಬಿಸಿಲಿಗೆ ಈಗಾಗಲೇ ಹಳದಿಯಾಗಿದೆ.